ಮೊಮ್ಮಗಳು ಅಜ್ಜಿಯಾದ ಮಧ್ಯಾಹ್ನ

ನನ್ನ ಮೊಮ್ಮಗಳು ಸ್ಕೂಲಿನ ನಾಟಕದಲ್ಲಿ ಮುದುಕಿಯ ಪಾರ್ಟು ಮಾಡಿದಳು. ಹದಿನಾರು ವರ್ಷದ ಹುಡುಗಿ, ಸೊಂಟ ಬಗ್ಗಿಸಿ, ಮಂಡಿಯ ಮೇಲೆ ಕೈಯೂರಿ ಎದ್ದಳೆಂದರೆ ಥೇಟು ನಾನೇ. ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ಸಂತೋಷವಾಗಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಆದರೆ ಸಂತೋಷವೊಂದನ್ನೇ ಬರೆಯೋಣವೆಂದರೆ ಆಗುತ್ತಿಲ್ಲ. ಅದರ ಹಿಂದೆಯೇ ಇನ್ನೊಬ್ಬ ಬಂದು ನಿಲ್ಲುತ್ತಾನೆ.

ಮಂಡ್ಯದ ಕಡೆಯಿಂದ ನಾನು ಅಮೆರಿಕದ ಯೂನಿಯನ್ ಸಿಟಿಗೆ ಬಂದದ್ದು ಮಗಳ ಬಾಣಂತನಕ್ಕೆ. ಮೊದಲನೆಯವಳು ಹುಟ್ಟಿ ಹದಿನಾರು ವರ್ಷ ಕಳೆದ ಮೇಲೆ ಅವಳಿಗೆ ಗಂಡು ಮಗುವಾಯಿತು. ಅಯ್ಯೋ, ಆ ಮಗುವಿನ ಪಾದ! ಎಣ್ಣೆ ತಿಕ್ಕುವಾಗ ನನ್ನ ಅಂಗೈಯಲ್ಲಿ ಎರಡೂ ಪಾದ ಅಡಗುತ್ತಿದ್ದವು. ಸಾಂಬ್ರಾಣಿ ಹಾಕಿದರೆ ಸೂರಿನ ಅಲಾರಮ್ಮು ಕಿರುಚಿಕೊಳ್ಳುವುದು, ಅಳಿಯ ಕುರ್ಚಿ ಹತ್ತಿ ಟವಲು ಬೀಸುವುದು. ದಿನಾ ಇದೇ ಹಬ್ಬ.

ಅಂಥ ಮನೆಯೊಳಕ್ಕೆ ಈ ನಾಟಕ ಬಂತು. ಒಂದು ಸಂಜೆ ನೋಡುತ್ತೇನೆ, ಮೊಮ್ಮಗಳು ನಡುಮನೆಯ ನೆಲದಲ್ಲಿ ಕೂತಿದ್ದಾಳೆ. ಮಗುವಿನ ಬಟ್ಟೆಯಲ್ಲಿ ಒಂದು ಗೊಂಬೆಯನ್ನು ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಾಳೆ.

"ಅದೇನ್ ಮಗ?" ಎಂದೆ.

"ಡೆಡ್ ಬೇಬಿ, ಅಜ್ಜಿ. ನನ್ನ ಮೊಮ್ಮಗ. ನಾನು ಇದ್ರಲ್ಲಿ ಗ್ರ್ಯಾಂಡ್‌ಮದರು."

ಗೊಂಬೆಯನ್ನು ಕಿತ್ತುಕೊಂಡು ಗರಾಜಿನಲ್ಲಿಟ್ಟು ಬಂದೆ. "ಬಾಣಂತಿ ಮನೇಲಿ ಆಡೋ ಮಾತೇನೇ ಇದು? ಬಿಡ್ತು ಅನ್ನು ಮೊದ್ಲು!"

"ಬಿಡ್ತು, ಬಿಡ್ತು. ಅಜ್ಜಿ, ಇಟ್ಸ್ ಜಸ್ಟ್ ಅ ಪ್ಲೇ!"

ಆಮೇಲೆ ಅವಳೇ ಸಮಾಧಾನವಾಗಿ ಕತೆ ಹೇಳಿದಳು. ಬರೆದವನು ಗ್ರೀಕ್ ದೇಶದವನು, ಎರಡೂವರೆ ಸಾವಿರ ವರ್ಷದ ಹಿಂದೆ ಇದ್ದವನು. ಅವನ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಆಗ ಗಂಡಸರೇ ಮುಖವಾಡ ಕಟ್ಟಿಕೊಂಡು ಹೆಂಗಸರ ಪಾರ್ಟು ಮಾಡುತ್ತಿದ್ದರಂತೆ. "ನಮ್ಮೂರಲ್ಲೂ ಹಂಗೇ ಕಣೆ, ಮೀಸೆ ಬೋಳಿಸ್ಕೊಂಡು ಸೀರೆ ಉಡೋರು" ಎಂದು ನಕ್ಕೆ. ನಾಟಕದಲ್ಲಿ ಯುದ್ಧ ಮುಗಿದಿದೆ, ಊರು ಸುಟ್ಟಿದೆ, ಗಂಡಸರೆಲ್ಲ ಸತ್ತಿದ್ದಾರೆ. ಗೆದ್ದವರು ಸೋತ ಊರಿನ ಎಳೆಯ ಮಗುವನ್ನೂ ಬಿಡದೆ ಕೋಟೆಯ ಮೇಲಿಂದ ಎಸೆಯುತ್ತಾರೆ. ಬರೆದವನು ಗೆದ್ದವರ ಕಡೆಯವನು, ಬರೆದದ್ದು ಮಾತ್ರ ಸೋತವರ ಹೆಂಗಸರ ಗೋಳು.

"ಆ ಮಗೂನ ತಾಯಿ ಎಲ್ಲೋದ್ಲು?" ಎಂದೆ.

"ಅವಳನ್ನ ಆಗ್ಲೇ ಹಡಗು ಹತ್ಸಿ ಕಳಿಸ್ಬಿಟ್ಟಿರ್ತಾರೆ. ಮಗೂನ ಹೂಳೋಕೆ ಅವಳನ್ನ ಬಿಡಲ್ಲ. ಸೋ ಅಜ್ಜೀನೇ ಮೈ ತೊಳ್ದು ಬಟ್ಟೆ ಸುತ್ತಬೇಕು."

ನಾನು ಎದ್ದು ಅಡಿಗೆಮನೆಗೆ ಹೋದೆ. ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

ನನಗೆ ಮೊದಲು ಹುಟ್ಟಿದ್ದು ಗಂಡು. ಒಂದೂವರೆ ವರ್ಷಕ್ಕೆ, ಮೂರು ದಿನದ ಜ್ವರದಲ್ಲಿ ಹೋದ. ಆಗ ಈ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ಬಸುರಿ ಹೆಣ ನೋಡಬಾರದು, ಅಳಬಾರದು ಎಂದು ಹಿರಿಯರು ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಅಗುಳಿ ಹಾಕಿದರು. ಮೈ ತೊಳೆದವಳು, ಬಟ್ಟೆ ಸುತ್ತಿದವಳು ನಮ್ಮತ್ತೆ. ನಮ್ಮ ಕಡೆ ಸತ್ತವರನ್ನು ಹಾಡಿಕೊಂಡು ಅಳುತ್ತಾರೆ. ಒಬ್ಬಳು ಎತ್ತಿಕೊಟ್ಟರೆ ಉಳಿದ ಹೆಂಗಸರು ಕೊನೆಯ ಮಾತನ್ನು ಹಿಡಿದುಕೊಳ್ಳಬೇಕು. ಸತ್ತದ್ದು ಮಗುವಾದರೆ ನಡುವೆ ಒಂದು ಕಡೆ ಎಲ್ಲರೂ ನಿಲ್ಲಿಸುತ್ತಾರೆ. ಅಲ್ಲಿ ತಾಯಿ ಹೆಸರು ಹಿಡಿದು ಕೂಗಬೇಕು. ಅತ್ತೆ ಎತ್ತಿದರು, ಹೆಂಗಸರು ಹಿಡಿದರು, ತಾಯಿಯ ಜಾಗ ಬಂತು, ನಿಲ್ಲಿಸಿದರು. ಕದದ ಈಚೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಸ್ವಲ್ಪ ಹೊತ್ತು ನೋಡಿ ಅವರೇ ಮುಂದಕ್ಕೆ ಹಾಡಿದರು. ಅಂದಿನಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಗಳಿಗೂ ನಾನು ಹೇಳಲಿಲ್ಲ. ನಲವತ್ತೆರಡು ವರ್ಷವಾಯಿತು.

ಅದೇ ವಾರ ಕೂಸಿಗೆ ಸೂಜಿ ಹಾಕಿಸಿದರು, ಮೈ ಬೆಚ್ಚಗಾಯಿತು. ಸೂಜಿ ಹಾಕಿದರೆ ಹಾಗಾಗುವುದು ಸಹಜ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ನನಗೆ ಮಾತ್ರ ಗರಾಜಿನ ಗೊಂಬೆಯೇ ಕಣ್ಣಿಗೆ ಕಟ್ಟಿತು. ಅಂದಿನ ಆ ಹಾಡು ಕದದಾಚೆಯಿಂದ ಕೇಳತೊಡಗಿತು, ಪಾತ್ರೆ ತೊಳೆಯುವಾಗ, ಬಾಣಂತಿಗೆ ಸಾರು ಕಾಯಿಸುವಾಗ. ತಾಯಿಯ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಸದ್ದಿಗಿಂತ ಆ ನಿಲ್ಲುವುದೇ ನನ್ನನ್ನು ಹೆದರಿಸುತ್ತಿತ್ತು. ತಿರುಗಿ ನೋಡಿದರೆ ಯಾರಾದರೂ ಇರುತ್ತಾರೇನೋ ಎಂದು ಕತ್ತು ತಿರುಗಿಸದೆ ಕೆಲಸ ಮಾಡುತ್ತಿದ್ದೆ. ಕೂಸಿನ ಮೈ ಮಾರನೇ ದಿನವೇ ತಣ್ಣಗಾಯಿತು. ನನ್ನ ಹೆದರಿಕೆ ಹೋಗಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ದುಂಬಾಲು ಬಿದ್ದಳು. "ಅಜ್ಜಿ, ನಿಮ್ಮೂರಲ್ಲಿ ಹಾಡ್ಕೊಂಡು ಅಳ್ತಾರಂತಲ್ಲ, ಅಮ್ಮ ಹೇಳಿದ್ಲು. ನಂಗೆ ಕಲ್ಸು. ನಮ್ಮ ಡ್ರಾಮಾ ಟೀಚರು ಓಕೆ ಅಂದಿದಾರೆ."

"ಕಲಿಸೋ ವಿದ್ಯೆಯೇನೇ ಅದು? ಹೋಗು ಅತ್ಲಾಗೆ."

ನಾಲ್ಕು ದಿನ ಬೈದೆ. ಐದನೇ ದಿನ, ಅವಳಿಗೆ ಹೇಳಿಕೊಟ್ಟರಾದರೂ ನನ್ನ ಕಿವಿಯಿಂದ ಹೋಗುತ್ತದೇನೋ ಎನ್ನಿಸಿತು. ಆದರೆ ಬಾಣಂತಿಯ ಮನೆಯೊಳಗೆ ಮಾತ್ರ ಆಗದು. ಮೊಮ್ಮಗಳಿಗೆ ಹೊಸದಾಗಿ ಕಾರಿನ ಲೈಸೆನ್ಸು ಬಂದಿತ್ತು. ದಿನಾ ಇಬ್ಬರೂ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಿಗೆ ಹೋಗಿ, ಕಾರಿನ ಗಾಜು ಏರಿಸಿ ಕೂರುತ್ತಿದ್ದೆವು. ರೈಲು ಬಂದಾಗ ಜೋರಾಗಿ ಹೇಳಿಕೊಡುತ್ತಿದ್ದೆ, ಹೋದ ಮೇಲೆ ಮೆಲ್ಲಗೆ. ಮನೆಗೆ ಬಂದವರೇ ತಲೆಗೆ ನೀರು ಹಾಕಿಕೊಂಡು ಆಮೇಲೆ ಕೂಸನ್ನು ಮುಟ್ಟುತ್ತಿದ್ದೆವು.

"ಇದೇನವ್ವ, ದಿನಾ ನಾಲ್ಕು ಗಂಟೆಗೆ ಅಜ್ಜಿ ಮೊಮ್ಮಗಳಿಗೆ ತಲೆ ಸ್ನಾನ?" ಎಂದಳು ಮಗಳು.

"ಸೆಕೆ ಕಣವ್ವ" ಎಂದೆ. ಸ್ವೆಟರು ಹಾಕಿಕೊಂಡೇ ಹೇಳಿದೆ.

ತಾಯಿ ಕೂಗುವ ಜಾಗ ಬಂದಾಗ ನಾನು ಬಾಯಿ ಮುಚ್ಚಿದೆ. "ಇಲ್ಲಿ ತಾಯಿ ಹೆಸರು ಕೂಗ್ತಾಳೆ. ಅದನ್ನ ನಾನು ಹೇಳ್ಕೊಡಲ್ಲ."

"ನಾಟಕದಲ್ಲೂ ತಾಯಿ ಇಲ್ವಲ್ಲ ಅಜ್ಜಿ. ಆ ಜಾಗ ಖಾಲಿ ಬಿಡ್ತೀನಿ" ಎಂದಳು. ಮಿಕ್ಕ ಹೆಂಗಸರು ಹಿಡಿಯುವುದನ್ನು ಯಾರು ಮಾಡುತ್ತಾರೆ ಎಂದು ಕೇಳಿದೆ. ಅದಕ್ಕೆ ಒಂದು ಗುಂಪೇ ಇದೆಯಂತೆ, ನಾಟಕ ಬರೆದ ಆ ಪುಣ್ಯಾತ್ಮ ಪ್ರತಿ ನಾಟಕದಲ್ಲೂ ಅಂಥದೊಂದು ಗುಂಪು ಇಡುತ್ತಿದ್ದನಂತೆ. ಒಬ್ಬಳೇ ಅಳಬಾರದು ಎನ್ನುವುದು ಅವನಿಗೂ ಗೊತ್ತಿತ್ತು, ನೋಡಿ. ಯಾವ ಸಾವಿನ ಮನೆಯಲ್ಲಿ, ಯಾವ ಕದದ ಆಚೆ ನಿಂತು ಕೇಳಿಸಿಕೊಂಡಿದ್ದನೋ.

ಶನಿವಾರ ಮಧ್ಯಾಹ್ನ ನಾಟಕ. ಕೂಸನ್ನು ಅಳಿಯನ ಹತ್ತಿರ ಬಿಟ್ಟು ಮಗಳೂ ನಾನೂ ಹೋಗಿ ಮೂರನೇ ಸಾಲಿನಲ್ಲಿ ಕೂತೆವು. ಮಾತೆಲ್ಲ ಇಂಗ್ಲಿಷು, ನನಗೆ ತಿಳಿಯದು. ನನ್ನ ಹುಡುಗಿ ಬಂದಳು, ನೆಟ್ಟಗೆ ಕೂರಲಾರದ ಮುದುಕಿ. "ನಮ್ಮ ಹುಡ್ಗಿ, ನಮ್ಮ ಹುಡ್ಗಿ" ಎಂದು ಪಕ್ಕದ ಬಿಳೀ ಹೆಂಗಸಿಗೆ ಕನ್ನಡದಲ್ಲೇ ಹೇಳಿದೆ. ಆಕೆಯೂ ತಲೆಯಾಡಿಸಿದಳು.

ಕೊನೆಗೆ ಮಗುವನ್ನು ತಂದು ಅವಳ ಮುಂದೆ ಇಟ್ಟರು. ಅವಳು ಬಟ್ಟೆ ಸುತ್ತಿದಳು. ಸುತ್ತುತ್ತಲೇ ಇಂಗ್ಲಿಷು ಬಿಟ್ಟು ನಮ್ಮೂರ ಹಾಡು ಎತ್ತಿದಳು. ಹತ್ತು ಹನ್ನೆರಡು ಹುಡುಗಿಯರು ಅದನ್ನು ಹಿಡಿದುಕೊಂಡರು. ಚೀನಾದವರು, ಬಿಳಿಯರು, ಪಂಜಾಬಿನವರು ಎಲ್ಲರ ಗಂಟಲಲ್ಲೂ ನಮ್ಮತ್ತೆಯ ಹಾಡು. ತಾಯಿಯ ಜಾಗ ಬಂತು. ನಿಲ್ಲಿಸಿದರು.

ನಾನು ಯಾವಾಗ ಎದ್ದೆನೋ ತಿಳಿಯದು. ಹೆಸರು ಹಿಡಿದು ಕೂಗಿದೆ. ಇಡೀ ಸಭೆ ತಿರುಗಿ ನೋಡಿತು. ನಾಟಕ ಕೆಡಿಸಿದೆನಲ್ಲ ಎಂದುಕೊಂಡೆ. ಮೊಮ್ಮಗಳು ಮಾತ್ರ ಬೆಚ್ಚಲಿಲ್ಲ. ನನ್ನ ಕಡೆ ಮುಖ ಮಾಡಿ, ಉಸಿರು ತೆಗೆದುಕೊಂಡು ಮುಂದಿನ ಸಾಲು ಎತ್ತಿದಳು. ಹುಡುಗಿಯರು ಹಿಡಿದುಕೊಂಡರು.

ಕಾರಿನಲ್ಲಿ ಮನೆಗೆ ಹೊರಟೆವು, ಮಗಳು ಓಡಿಸುತ್ತಿದ್ದಳು. ಮೊಮ್ಮಗಳು ಹಿಂದಿನ ಸೀಟಿನಲ್ಲಿ ತಲೆಗೆ ಬಳಿದ ಬಿಳೀ ಪುಡಿ ಕೊಡವುತ್ತಿದ್ದಳು. ಫ್ರೀವೇ ಹೆದ್ದಾರಿಗೆ ಸೇರಿದ ಮೇಲೆ ಮಗಳು ಕೇಳಿದಳು.

"ಅವ್ವ, ಅದ್ಯಾರ ಹೆಸ್ರು?"

"ನಿಮ್ಮಣ್ಣಂದು."

ರಸ್ತೆಯ ಮೇಲಿನ ಕಣ್ಣು ತೆಗೆಯದೆ ಒಂದೊಂದೇ ಕೇಳಿದಳು. ನಡೀತಿದ್ನಾ? ಗೋಡೆ ಹಿಡ್ಕೊಂಡು ನಡೀತಿದ್ದ. ಮಾತು? ಕಾಗೆಗೂ ಕೋಳಿಗೂ ಒಂದೇ ಕೂಗು ಕೂಗ್ತಿದ್ದ. ಬಣ್ಣ? ನಿನ್ ಥರಾನೇ ಕಪ್ಪು. ಮರೆತೇ ಹೋಗಿದೆ ಎಂದುಕೊಂಡಿದ್ದೆ, ಒಂದೂ ಮರೆತಿರಲಿಲ್ಲ.

"ಎಲ್ಲಿ ಮಣ್ಣು ಮಾಡಿದ್ರವ್ವ?"

"ಗೊತ್ತಿಲ್ಲ ಮಗ. ನನಗೆ ತೋರಿಸ್ಲಿಲ್ಲ."

ಆಮೇಲೆ ಹಿಂದಿನಿಂದ ಮೊಮ್ಮಗಳು ನನ್ನ ಭುಜದ ಮೇಲೆ ಕೈಯಿಟ್ಟಳು.

"ಅಜ್ಜಿ, ನಾಳೆನೂ ಶೋ ಇದೆ. ಬಾ. ತಾಯಿ ಕೂಗೋ ಜಾಗದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸ್ತೀನಿ."