ಗುಣವತಿಯವರ ಸಂಜೆಯೂಟ

ಮೀನಂಗಡಿಯ ಹೆದ್ದಾರಿಯಿಂದ ತುಸು ಒಳಗೆ, ಗುಣವತಿಯವರ ಮನೆಯ ಪಕ್ಕದ ಸಿಮೆಂಟ್ ಕಣದಲ್ಲಿ ಬೆಳಿಗ್ಗೆ ಏಳಕ್ಕೇ ಒಣ ಕಾಫಿಕಾಯಿಗಳ ಗಲಗಲ ಶುರುವಾಗುತ್ತದೆ. ಆ ಹೊತ್ತಿಗೆ ಅವರು ಒಂದು ಲೋಟ ಗಂಜಿ ಕುಡಿದು, ಕೈನಡುಕ ನಿಲ್ಲಲಿ ಎಂದು ಕಾಯುತ್ತಾ ಕೂತಿರುತ್ತಾರೆ.

ಅವರಿಗೆ ಐವತ್ತಮೂರು. ಮದುವೆಯಾದ ವರ್ಷ ಬಸದಿಯಲ್ಲಿ ಹಿಡಿದ ವ್ರತವೊಂದುಂಟು: ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಮೂವತ್ತು ವರ್ಷ ಅದು ಭಾರವೆನಿಸಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಬಿಸಿಲು ಅಂಗಳ ದಾಟಿ ಬಾವಿಕಟ್ಟೆ ಏರಿದರೆ ತಟ್ಟೆ ಹಾಕಿದರಾಯಿತು. ಹೊಲಿಗೆಯಿಂದ ಮೊಣಕಾಲು ಹಿಡಿದುಕೊಂಡಾಗ ಮಗಳು ಶ್ವೇತಾಳಿಂದ ಟೈಪಿಂಗ್ ಕಲಿತು, ಕಳೆದ ಜೂನ್‌ನಲ್ಲಿ ಪನಮರಂನ ರತೀಶನ ಡಿಟಿಪಿ ಅಂಗಡಿಗೆ ಸೇರಿದರು. ಮದುವೆ ಕಾಗದ, ಮರಣದ ನೋಟೀಸು, ಶಾಲೆಯ ಪ್ರಶ್ನೆಪತ್ರಿಕೆ. ಅಲ್ಲಿ ಟ್ಯೂಬ್‌ಲೈಟಿನ ಬೆಳಕಷ್ಟೇ. ಹೊರಗೆ ಹೋದರೂ ಮಳೆಯಲ್ಲಿ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ, ಅಂಗಡಿ ಬಿಡುವಾಗ ಕತ್ತಲಾಗಿರುತ್ತಿತ್ತು.

ಅವರು ಕೂರುವ ಹಳೆಯ ಮ್ಯಾಕ್ ಕಂಪ್ಯೂಟರಿಗೆ ರತೀಶ ಒಂದು ಗಡಿಯಾರ ಹಾಕಿಕೊಟ್ಟ. ಪರದೆಯ ಮೇಲಂಚಿನ ಪಟ್ಟಿಯಲ್ಲಿ ದಿನ, ಗಂಟೆ. ಒತ್ತಿದರೆ ತಿಂಗಳ ಕ್ಯಾಲೆಂಡರ್ ಇಳಿಯುತ್ತದೆ, ಅದರಡಿ ಸೂರ್ಯೋದಯ, ಸೂರ್ಯಾಸ್ತ. ಅಷ್ಟಮಿ, ಚತುರ್ದಶಿಗಳನ್ನು ಗುಣವತಿ ತಾವೇ ಟೈಪು ಮಾಡಿ ತುಂಬಿದರು. ಜುಲೈಯಲ್ಲಿ ಸೂರ್ಯಾಸ್ತ ಆರೂಕಾಲರ ಮೇಲಿತ್ತು. ಆಮೇಲೆ ದಿನಕ್ಕೊಂದು ನಿಮಿಷದ ಹಾಗೆ ಹಿಂದೆ ಸರಿಯುತ್ತಾ ನವೆಂಬರಿಗೆ ಐದರೊಳಗೆ ಬಂತು. ಇದು ಅತಿಯಾಯಿತಲ್ಲ ಎಂದು ಅವರಿಗೇ ಅನಿಸಿ ಕೇಳಿದ್ದರು.

“ಚೇಚಿ, ಅದು ಸ್ಯಾಟಲೈಟಿಂದ ಬರೋದು. ನಿಮ್ಮ ಬಾವಿಕಟ್ಟೆ ಅಲ್ಲ,” ಎಂದಿದ್ದ, ಅವರನ್ನು ತನ್ನ ಭಾಷೆಯಲ್ಲಿ ಅಕ್ಕ ಎಂದೇ ಕರೆಯುವ ರತೀಶ.

ಬೇಗ ಉಂಡರೆ ದೋಷವಿಲ್ಲ, ತಡವಾದರೆ ಉಂಟು. ಗುಣವತಿ ಗಡಿಯಾರವನ್ನೇ ನಂಬಿದರು. ಒಂದಕ್ಕೆ ಊಟ, ಹೊಟ್ಟೆ ಇನ್ನೂ ತುಂಬಿರುವಾಗಲೇ ನಾಲ್ಕೂವರೆಗೆ ಸಂಜೆಯೂಟ, ಅದರೊಂದಿಗೆ ಸಕ್ಕರೆ ಕಾಯಿಲೆಯ ಮಾತ್ರೆ. ಹಸಿವಿಲ್ಲದೆ ತಿಂದದ್ದು ನಾಲ್ಕು ತುತ್ತು. ನಸುಕಿಗೆ ಮೈ ಬೆವರಿ ಕೈ ನಡುಗತೊಡಗಿತು. ಕಲ್ಪೆಟ್ಟದ ಡಾಕ್ಟರು ಇಷ್ಟು ಹೊತ್ತು ಖಾಲಿ ಹೊಟ್ಟೆ ಕೂಡದೆಂದರು. ಶ್ವೇತಾ ಹಟ ಹಿಡಿದಳು: ಈ ಭಾನುವಾರ ಬಸದಿಗೆ ಹೋಗಿ, ತಪ್ಪು ಕಾಣಿಕೆ ಇಟ್ಟು ವ್ರತ ಬಿಡಬೇಕು. ಎರಡು ದಿನ ಬಿಟ್ಟು ಗುಣವತಿ ಹೂಂ ಅಂದಿದ್ದರು.

ಶುಕ್ರವಾರ ಮದುವೆಯವರೊಬ್ಬರು ಮೂರಕ್ಕೆ ಬಂದು ಕೂತು, ಅಜ್ಜಂದಿರ ಹೆಸರುಗಳ ಕ್ರಮವನ್ನು ಐದು ಸಲ ಬದಲಿಸಿದರು. ಅವರು ಎದ್ದಾಗ ಗಡಿಯಾರದಲ್ಲಿ ಐದು. ಸೂರ್ಯಾಸ್ತ ಕಳೆದು ಏಳು ನಿಮಿಷ. ಬುತ್ತಿ ಮುಚ್ಚಿದ ಹಾಗೇ ಇತ್ತು. ಇವತ್ತು ನೀರೂ ಇಲ್ಲವೆಂದುಕೊಂಡು, ಬೇರೊಬ್ಬರ ಅಚ್ಚಾದ ಕಾಗದಗಳ ಕಟ್ಟನ್ನು ಬಸ್ಸಿನವರ ಕೈಯಲ್ಲಿ ಕಳಿಸಲು ಅವರು ಬಸ್‌ಸ್ಟ್ಯಾಂಡಿಗೆ ನಡೆದರು.

ತಿರುವಿನಲ್ಲಿ ಬಿಸಿಲು ಮುಖಕ್ಕೇ ಹೊಡೆಯಿತು. ಕೊಯ್ದ ಗದ್ದೆಗಳಾಚೆ ಸೂರ್ಯ ಗುಡ್ಡಕ್ಕಿಂತ ಇನ್ನೂ ಎಷ್ಟೋ ಮೇಲಿದ್ದ. ಕಟ್ಟು ಕೊಟ್ಟು, ಮರಳಿ ಬಂದು, ರತೀಶನನ್ನು ಅವನ ಕುರ್ಚಿಯಿಂದ ಎಬ್ಬಿಸಿ ಬೀದಿಗೆ ಕರೆತಂದು ತೋರಿಸಿದರು.

ಅವನು ಒಳಗೆ ಬಂದು ಗಡಿಯಾರದ ಸೆಟ್ಟಿಂಗ್ ತೆರೆದ. ಊರು ಎಂಬಲ್ಲಿ ಕೋಲ್ಕತ ಎಂದಿತ್ತು; ಪೂರ್ವದ ಆ ಊರಿನಲ್ಲಿ ಸೂರ್ಯ ಬೇಗ ಮುಳುಗುತ್ತಾನೆ. ಇಂಡಿಯಾದ ಸಮಯ ಕೊಟ್ಟರೆ ಕಂಪ್ಯೂಟರಿನಲ್ಲಿ ಆ ಹೆಸರೇ ಬರುವುದೆಂದೂ, ಗಂಟೆಗೆ ಅದು ಸಾಕೆಂದೂ, ಸೂರ್ಯನಿಗೆ ಬೇರೆ ಊರು ಕೊಡಬೇಕೆಂದು ತನಗೆ ಹೊಳೆಯಲಿಲ್ಲವೆಂದೂ ತಲೆ ಕೆರೆಯುತ್ತಾ ಹೇಳಿದ. ಕಲ್ಪೆಟ್ಟ ಎಂದು ಬರೆದ. ಸೂರ್ಯಾಸ್ತ ಆರು ಗಂಟೆಗೆ ಹೋಗಿ ನಿಂತಿತು.

“ಆರು ತಿಂಗಳು ನಾನು ಬಂಗಾಳದ ಸೂರ್ಯನಿಗೆ ಉಂಡೆನಾ ರತೀಶ?”

“ಬೇಗ ಉಂಡರೆ ದೋಷ ಇಲ್ಲ ಅಂತ ನೀವೇ ಹೇಳ್ತೀರಲ್ಲ ಚೇಚಿ.”

“ದೇವರ ಹತ್ರ ಇಲ್ಲ. ನನ್ನ ಕೈ ನೋಡು.”

ಗುಣವತಿ ಶ್ವೇತಾಳಿಗೆ ಫೋನ್ ಮಾಡಿ, ಭಾನುವಾರ ಬಸದಿಗೆ ಬರುತ್ತೇನೆ, ಕೈಮುಗಿದು ಬರುತ್ತೇನೆ ಅಷ್ಟೇ, ಬಿಡುವುದೇನೂ ಇಲ್ಲ ಎಂದರು. ಆಚೆಯಿಂದ ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಳು. ಈಚೆ ರತೀಶ, ಚಂದ್ರೋದಯವೂ ಇದರಲ್ಲಿ ಬರುತ್ತದೆ, ಹಾಕಲೇ ಎಂದು ಕೇಳುತ್ತಿದ್ದ. ಗಂಟೆ ಐದೂವರೆ.

“ಎಲ್ಲ ಮನೆಗೆ ಬಂದು ಹೇಳ್ತೆ ಮಗಾ,” ಎಂದು ಫೋನ್ ಇಟ್ಟು, ಬುತ್ತಿ ಎತ್ತಿಕೊಂಡು ಅವರು ತಾರಸಿಗೆ ಹೋಗುವ ಹಿಂಬದಿಯ ಮೆಟ್ಟಿಲತ್ತ ತಿರುಗಿದರು. “ರತೀಶ, ನೀನು ಇನ್ನು ಅದನ್ನು ಮುಟ್ಟಿದರೆ ನಾನು…” ಎನ್ನುತ್ತಲೇ ಮೆಟ್ಟಿಲು ಹತ್ತಿ ಬಿಸಿಲಿಗೆ ಹೊರಟುಹೋದರು.