ದೇವಾಪುರಕ್ಕೆ ಬರಬೇಕಿದ್ದ ಲಾರಿ

೧೯೪೪ರ ಬೇಸಿಗೆ. ನಿಜಾಮ್ ಸರ್ಕಾರದ ಸುರಪುರ ದವಾಖಾನೆಗೆ ನಾನು ಡಾಕ್ಟರಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕಾಲರಾ ಕಾಣಿಸಿಕೊಂಡಿತು. ವಾಂತಿಭೇದಿಯಾಗಿ ಮೈಯೊಳಗಿನ ನೀರೆಲ್ಲ ಇಳಿದುಹೋಗುವ ರೋಗ. ನಮ್ಮ ಕೈಯಲ್ಲಿದ್ದ ಮದ್ದೆಂದರೆ ಸಲೈನ್, ಅಂದರೆ ನರಕ್ಕೆ ಏರಿಸುವ ಉಪ್ಪುನೀರು. ಅರ್ಧ ದಿನ ತಡವಾದರೆ ಅದೂ ವ್ಯರ್ಥ. ಹಳ್ಳಿಗೆ ಹೋಗೋಣವೆಂದರೆ ದವಾಖಾನೆಗೆ ವಾಹನವಿರಲಿಲ್ಲ.

ಯಾದಗಿರಿಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು ನಡೆಸುತ್ತಿದ್ದ ಸಾವಕಾರ ಶರಣಪ್ಪನವರು ತಾವಾಗಿಯೇ ಲಾರಿ ಕಳಿಸಿದರು. ತೂಕದಲ್ಲಿ ಮೋಸ ಮಾಡದ, ಆಳುಗಳ ಕೂಲಿ ಒಂದು ವಾರವೂ ತಪ್ಪಿಸದ ಮನುಷ್ಯ.

“ನ್ಯಾಯದ ವ್ಯಾಪಾರನೂ ಒಂದು ದಾನ ಅದ ಸಾಹೇಬ್ರ. ಲಾರಿ ನಿಮ್ದ ಅಂತ ತಿಳೀರಿ,” ಎಂದರು.

ನಾನು ಹಾಗೆಯೇ ತಿಳಿದೆ. ರಾತ್ರಿ ಯಾದಗಿರಿಗೆ ಹೋಗಿ ಪೆಟ್ರೋಲ್ ತುಂಬಿಸಿಕೊಂಡು ಬೆಳಿಗ್ಗೆ ಎಂಟಕ್ಕೆಲ್ಲ ಲಾರಿ ನಮ್ಮ ಬಾಗಿಲಲ್ಲಿರುತ್ತಿತ್ತು. ನಾಲ್ಕು ದಿನ ಕೊಡೇಕಲ್ಲಿನವರೆಗೂ ತಿರುಗಿದೆವು. ಸತ್ತೇ ಹೋದರೆಂದು ಬಿಟ್ಟಿದ್ದವರು ಎದ್ದು ಕೂತದ್ದನ್ನು ಕಂಡೆ.

ಐದನೆಯ ದಿನ ಬೆಳಗಾಗುತ್ತಲೇ ದೇವಾಪುರದಿಂದ ನಾಗಮ್ಮ ಎಂಬ ಹೆಂಗಸು ನಡೆದೇ ಬಂದಳು. ಗಂಡ ಭೀಮಣ್ಣ ನಡುರಾತ್ರಿಯಿಂದ ಮಲಗಿದ್ದ.

“ಊರಾಗ ಬಂಡಿ ಹೂಡಿಸಿಟ್ಟು ಬಂದೀನ್ರಿ. ಕರಕೊಂಡು ಬರ್ಲೇನು?”

“ಬ್ಯಾಡವ್ವಾ, ಬಿಸಿಲಾಗ ಕುಲುಕಿದ್ರ ಜೀವ ತಡಿಯೂದಿಲ್ಲ. ಲಾರಿ ಬರ್ತದ, ನಾನ ಬರ್ತೀನಿ. ನೀ ಹೋಗು,” ಎಂದೆ.

ಎಂಟಾಯಿತು, ಹತ್ತಾಯಿತು. ಸಲೈನ್ ಬಾಟಲಿಗಳನ್ನು ಕಟ್ಟಿಟ್ಟುಕೊಂಡು ಜಗುಲಿಯ ಮೇಲೆ ಕೂತೇ ಇದ್ದೆ. ಮಧ್ಯಾಹ್ನದ ಬಸ್ಸಿಗೆ ಸಾವಕಾರರ ಮುನೀಮ ಬಂದಿಳಿದ.

“ಲಾರಿ ರೈಲ್ವೆ ಸ್ಟೇಷನ್ನಿಗೆ ಹಚ್ಯಾರ್ರಿ. ಇವತ್ತ ಹತ್ತಿ ವ್ಯಾಗನ್ ಏರದಿದ್ರ ಮಿಲ್ಲು ನಿಲ್ತದ. ಆಳುಮಂದಿ ಹೊಟ್ಟಿಗೂ ಬೇಕಲ್ರಿ? ನಾಳಿ ಖಂಡಿತ ಕಳಸ್ತಾರ.”

ಅವನಾಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ದೇವಾಪುರದಲ್ಲಿ ರೋಗಿ ಕಾದಿದ್ದಾನೆಂದು ಅವನಿಗೆ ಹೇಳಿ, ಬಾಡಿಗೆ ಬಂಡಿ ಹುಡುಕಿಕೊಂಡು ನಾನು ಆ ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಭೀಮಣ್ಣನನ್ನು ಅಂಗಳದಲ್ಲಿ ಮಲಗಿಸಿ ಮೈಮೇಲೆ ಧೋತರ ಹೊದಿಸಿದ್ದರು.

ನಾಗಮ್ಮ ಅಳಲಿಲ್ಲ. “ಎತ್ತು ಹೂಡೇ ಇದ್ದೂರಿ ಸಾಹೇಬ್ರ. ನಿಮ್ಮ ಮಾತು ಕೇಳಿ ಬಂದು ಬಿಚ್ಚಿಸಿದೆ.”

ಮರುದಿನ ಲಾರಿ ಹೇಳಿದಂತೆಯೇ ಬಂತು.

ರೋಗ ಇಳಿದ ಮೇಲೆ ಯಾದಗಿರಿಯಲ್ಲಿ ಸಾವಕಾರರಿಗೆ ಸನ್ಮಾನವಾಯಿತು. ಮಾನಪತ್ರ ಬರೆದವನೂ ಓದಿದವನೂ ನಾನೇ. ಹಾರ ಹಾಕಿಸಿಕೊಂಡು ಕೂತ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಅವತ್ತ ದೇವಾಪುರಕ್ಕ ಏನೂ ತೊಂದ್ರಿ ಆಗ್ಲಿಲ್ಲಲ್ರಿ?”

ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಮುಂದಿನ ಬೇಸಿಗೆಗೂ ನನಗೆ ಆ ಲಾರಿ ಬೇಕಿತ್ತು.

“ಇಲ್ರಿ,” ಎಂದೆ.

ಸಾವಕಾರರು ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವರು ಕೊಟ್ಟದ್ದು ಉಪಕಾರ; ಮಿಲ್ಲಿಗೆ ಬೇಡದ ದಿನ ಮಾತ್ರ ಅದು ನಮ್ಮದು. ಅದು ದವಾಖಾನೆಯ ಸ್ವಂತ ಲಾರಿಯೆಂದು ಜನರನ್ನು ನಂಬಿಸಿದವನು ನಾನು. ಆಮೇಲೆ ಮೂವತ್ತು ವರ್ಷ ನೌಕರಿ ಮಾಡಿದೆ. ಒಳ್ಳೆಯವರು ಕೊಟ್ಟದ್ದನ್ನೆಲ್ಲ ಕೈಮುಗಿದು ಪಡೆದೆ. ಆದರೆ ಅದನ್ನು ನೆಚ್ಚಿ ಯಾರಿಗೂ ‘ನೀ ಹೋಗು, ನಾನು ಬರ್ತೀನಿ’ ಎನ್ನಲಿಲ್ಲ.