ಎಚ್ಚರಿಕೆಯ ಲೆಕ್ಕಕ್ಕೆ ಸಿಕ್ಕ ಮೆಚ್ಚುಗೆ

ಶಿರಸಿಯ ಅಡಿಕೆ, ಕಾಳುಮೆಣಸಿನ ಕಂಪನಿಯೊಂದರಲ್ಲಿ ನಾನು ಲೆಕ್ಕ ನೋಡುತ್ತೇನೆ. ಯಲ್ಲಾಪುರದ ಶಾಖೆಯ ಲೆಕ್ಕ ಒಬ್ಬ ಹುಡುಗಿಯದಾಗಿತ್ತು. ನಮ್ಮ ಸೀಮೆಯದೇ ಬಿಳಗಿ ಕಡೆಯವಳು, ನನ್ನ ಕೈಕೆಳಗೇ ಕೆಲಸ ಕಲಿತವಳು. ದರ ಏರಿದರೂ ಮಾರದೆ ಉಳಿದ ಮಾಲಿಗೆ ನಾನು ಲಾಭ ಹಿಡಿಯುತ್ತಿರಲಿಲ್ಲ. ದರ ಇಳಿದರೆ ಗೋದಾಮಿನ ಮಾಲಿನ ಬೆಲೆಯನ್ನೂ ಆಗಲೇ ಇಳಿಸಿ ನಷ್ಟ ತೋರಿಸುತ್ತಿದ್ದೆ. ಅವಳು, ದರ ಮತ್ತೆ ಏರೀತೆಂದು ಹಳೆಯ ಬೆಲೆಯನ್ನೇ ಉಳಿಸಿಕೊಳ್ಳುತ್ತಿದ್ದಳು.

ಆಗ ಮಾಲೀಕರಿಗೆ ಬ್ಯಾಂಕಿನ ಸಾಲ ಬೇಕಿತ್ತು. ಲಾಭ ಕಾಣುವ ಲೆಕ್ಕವೇ ಅವರಿಗೆ ಚೆಂದ.

"ಅಕ್ಕೋರೆ, ಯಲ್ಲಾಪುರದ ಲೆಕ್ಕ ನೋಡಿದ್ರೆ ಉಮೇದು ಬರ್ತದೆ. ನಿಮ್ದು ನೋಡಿದ್ರೆ ಬಾಗಿಲು ಮುಚ್ಚುವಾ ಅನ್ಸ್ತದೆ" ಎಂದು ಅವಳೆದುರೇ ನಕ್ಕರು. ಅವಳೂ ನಕ್ಕಳು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮರುವರ್ಷ ಹುಬ್ಬಳ್ಳಿಯವರೊಬ್ಬರು ಕಂಪನಿಯಲ್ಲಿ ಅರ್ಧ ಪಾಲು ಕೊಳ್ಳಲು ಬಂದರು. ಹೊರಗಿನಿಂದ ಹಣ ಹಾಕುವವರಿಗೆ ನಷ್ಟ ಮುಚ್ಚಿಟ್ಟ ಲೆಕ್ಕ ಹಿಡಿಸುವುದಿಲ್ಲ, ಇನ್ನು ನನ್ನ ಕಾಲ ಬಂತು ಎಂದು ಒಳ್ಳೆಯ ಸೀರೆ ಉಟ್ಟು ಹೋದೆ. ಅವರು ಮೊದಲು ಕೇಳಿದ್ದು ಯಲ್ಲಾಪುರದ ಲೆಕ್ಕವನ್ನು. ಅವಳು ತಾನಾಗಿಯೇ ಎದ್ದು, ಹಳೆಯ ಬೆಲೆ ಹಿಡಿದದ್ದು ತಪ್ಪು, ಇಳಿಸಿ ಬೇರೆ ಲೆಕ್ಕ ತಂದಿದ್ದೇನೆ ಎಂದಳು. ಮಾಲೀಕರ ಮುಖ ಕಪ್ಪಿಟ್ಟಿತು. ಬಂದವರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಮಾಲಕರ ಮುಂದ ಹಿಂಗ ಹೇಳೋರು ಸಿಗಂಗಿಲ್ರಿ. ಇನ್ನ ಮುಂದ ಎರಡೂ ಕಡಿ ಲೆಕ್ಕ ಇವ್ರ ನೋಡ್ಲಿ" ಎಂದರು.

ಆಮೇಲೆ ನನ್ನದನ್ನು ತಿರುವಿ ಹಾಕಿ, "ಸರಿ ಐತ್ರಿ" ಎಂದರು. ಅಷ್ಟು ವರ್ಷ ಹೆದರಿ ಹೆದರಿ ಬರೆದದ್ದಕ್ಕೆ ಸಿಕ್ಕಿದ್ದು ಅಷ್ಟೇ.

ಹೊರಗೆ ಅವಳು ನನ್ನ ಕೈ ಹಿಡಿದಳು. "ಅಕ್ಕಾ, ಆನು ಕಲ್ತಿದ್ದೆಲ್ಲಾ ನಿನ್ನತ್ರವೇಯ. ಬೇಜಾರ ಮಾಡ್ಕ್ಯಳಡ."

"ಎಂತಕ್ಕೆ ಬೇಜಾರು? ಎಂತೂ ಇಲ್ಲೆ" ಎಂದು ಕೈ ಬಿಡಿಸಿಕೊಂಡೆ.

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಈಗ ಅವಳು ಶಿರಸಿಗೇ ಬಂದಿದ್ದಾಳೆ. ಲೆಕ್ಕ ತಪಾಸಣೆಗೆ ಬಂದವರಿಗೆ, "ಲಾಭ ಕೈಗೆ ಬರುವವರೆಗೆ ಕಾಯಬೇಕು, ನಷ್ಟಕ್ಕೆ ಕಾಯಬಾರದು" ಎಂದು ನಾನು ಹೇಳಿಕೊಟ್ಟದ್ದನ್ನೇ ಹೇಳುತ್ತಾಳೆ. ಅವರು ತಲೆದೂಗುತ್ತಾರೆ. ಪಕ್ಕದ ಮೇಜಿನಲ್ಲಿ ನಾನು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿರುತ್ತೇನೆ.